ಕಿರಣ್‌ಜಿತ್ ಅಹ್ಲುವಾಲಿಯಾ ಅವರ ಭಾವಚಿತ್ರ ಬರೆದ ಬಗೆ

ಮಹಿಳಾ ಸಹಾಯ ಕೇಂದ್ರವೊಂದರ ಸಮಾಲೋಚನಾ ಕೊಠಡಿಗಾಗಿ ಕಿರಣ್‌ಜಿತ್ ಅಹ್ಲುವಾಲಿಯಾ ಅವರ ತೈಲವರ್ಣ ಭಾವಚಿತ್ರ ಬರೆಯಲು ಒಪ್ಪಿಕೊಂಡಾಗ, ಅದರಲ್ಲಿ ಗಾಯವೂ ಬೆಂಕಿಯೂ ಇರಬಾರದೆಂದು ಮೊದಲೇ ನಿರ್ಧರಿಸಿದ್ದೆ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ ಅವರು, ನ್ಯಾಯಾಲಯದಿಂದ ತಡೆಯಾಜ್ಞೆ ತಂದರೂ ನಿಲ್ಲದ ಗಂಡನ ಹಿಂಸೆಯನ್ನು ಹತ್ತು ವರ್ಷ ಸಹಿಸಿ, 1989ರ ಮೇ ತಿಂಗಳ ಒಂದು ರಾತ್ರಿ, ಮಲಗಿದ್ದ ಅವನಿಗೆ ಬೆಂಕಿ ಹಚ್ಚಿದರು. ಅವನು ಸತ್ತ; ಕೊಲೆಯ ಅಪರಾಧಕ್ಕೆ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಲಂಡನ್ನಿನ ಮಹಿಳಾ ಸಂಘಟನೆಯ ಹೋರಾಟದ ಬಲದಿಂದ 1992ರಲ್ಲಿ ಬಿಡುಗಡೆಯಾಗಿ, ಅನಂತರ ನೊಂದ ಹೆಂಗಸರ ಪರವಾಗಿ ಬಹಿರಂಗವಾಗಿ ಮಾತನಾಡಿದ ಕಿರಣ್‌ಜಿತ್ ನನಗೆ ಬೇಕಾಗಿದ್ದರು.

ಎದುರಿಗೆ ಕೂರಿಸಿಕೊಂಡು ಬರೆಯುವ ಅವಕಾಶವಿಲ್ಲದ್ದರಿಂದ ಪತ್ರಿಕೆಗಳ ಛಾಯಾಚಿತ್ರಗಳನ್ನೇ ಆಧರಿಸಿದೆ. ಫ್ಲ್ಯಾಶ್ ಬೆಳಕು ಮುಖದ ನೆರಳುಗಳನ್ನು ಅಳಿಸಿಬಿಡುವುದರಿಂದ ಯಾವುದನ್ನೂ ನಕಲು ಮಾಡದೆ, ಇದ್ದಿಲಿನಲ್ಲಿ ಮತ್ತೆ ಮತ್ತೆ ಬರೆದು ಎಲುಬಿನ ರಚನೆಯನ್ನು ಅರಿತುಕೊಂಡು, ಬೆಳಕು ಎಡಗಡೆಯಿಂದ ಬೀಳುವಂತೆ ನಾನೇ ಗೊತ್ತುಮಾಡಿಕೊಂಡೆ.

ಮೈಬಣ್ಣಕ್ಕೆ ಬಹಳ ಸಮಯ ಹಿಡಿಯಿತು. ಕಂದು ಚರ್ಮದ ಮೇಲಿನ ಬೆಳಕಿಗೆ ಬಿಳಿಯನ್ನು ಧಾರಾಳವಾಗಿ ಬೆರೆಸಿದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ. ಆದ್ದರಿಂದ ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ ಎಂಬ ಹಳದಿ, ಕೆಂಗಂದು ಬಣ್ಣಗಳಿಂದಲೇ ಬೆಳಕನ್ನು ಏರಿಸುತ್ತ ಹೋಗಿ, ಬಿಳಿಯನ್ನು ಹಣೆಗೂ ಮೂಗಿನ ತುದಿಗೂ ಮಾತ್ರ ಉಳಿಸಿಕೊಂಡೆ. ನೆರಳಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬೆರೆಸಿದೆ, ಕಪ್ಪನ್ನು ಮುಟ್ಟಲಿಲ್ಲ. ಹಿನ್ನೆಲೆ ಬೂದುಹಸಿರು.

ಬಾಯಿಯ ಬಗ್ಗೆ ತುಂಬ ಯೋಚಿಸಿದೆ. ಮುಚ್ಚಿದ ತುಟಿಗಳು ಮುಖಕ್ಕೆ ಸುಲಭವಾಗಿ ಗಾಂಭೀರ್ಯ ಕೊಡುತ್ತವೆ. ಆದರೆ ಮೊದಲ ವಿಚಾರಣೆಯಲ್ಲಿ ಅವರು ಸಾಕ್ಷ್ಯವನ್ನೇ ನುಡಿದಿರಲಿಲ್ಲ; ಅಂಥವರನ್ನು ನಾನು ಮತ್ತೆ ಮೌನಿಯಾಗಿಸಲಾರೆ ಎನ್ನಿಸಿ, ಮಾತು ಆರಂಭವಾಗುವಾಗ ತೆರೆಯುವಷ್ಟು ತುಟಿಗಳನ್ನು ಬಿಡಿಸಿ ಬರೆದೆ. ಕುರ್ಚಿಯಲ್ಲಿ ಕುಳಿತವರ ಕಣ್ಣಿಗೆ ಅವರ ಕಣ್ಣು ನೇರವಾಗುವ ಎತ್ತರದಲ್ಲಿ ಚಿತ್ರವನ್ನು ತೂಗುಹಾಕಿಸಿದೆ.

ಕೆಳಗಿನ ಫಲಕದಲ್ಲಿ ಗಂಡನ ಸಾವಿನ ಪ್ರಸ್ತಾಪ ಬೇಡವೆಂದು ಕೇಂದ್ರದ ಕೆಲವರು ಹೇಳಿದರು; ನಾನು ಒಪ್ಪಲಿಲ್ಲ. ಕೆರಳಿಕೆಗೂ ಕೃತ್ಯಕ್ಕೂ ನಡುವೆ ಸಮಯ ಕಳೆದಿತ್ತೆಂಬ ಒಂದೇ ಕಾರಣಕ್ಕೆ ಕೆರಳಿಕೆಯ ವಾದ (ಕೆರಳಿಸಿದ್ದರಿಂದ ಹಿಡಿತ ತಪ್ಪಿ ಕೊಂದೆ ಎಂದು ಕೊಲೆಯ ಆರೋಪವನ್ನು ತಗ್ಗಿಸಿಕೊಳ್ಳುವ ವಾದ) ಬಿದ್ದುಹೋಗುವುದಿಲ್ಲವೆಂದು 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಅವರ ಪ್ರಕರಣದಲ್ಲೇ. ಆತ್ಮನಿಯಂತ್ರಣ ತಪ್ಪುವುದು ದಿಢೀರನೆ ಆಗಿರಬೇಕಿಲ್ಲವೆಂದು 2009ರ ಬ್ರಿಟಿಷ್ ಕಾಯ್ದೆ ಸ್ಪಷ್ಟವಾಗಿಯೇ ಬರೆಯಿತು. ಆ ರಾತ್ರಿಯನ್ನು ಬಿಟ್ಟು ಕಾನೂನಿನ ಈ ಬದಲಾವಣೆಯನ್ನು ವಿವರಿಸಲಾಗದೆಂದು ತಿಳಿಸಿದ ಮೇಲೆ ಎರಡನ್ನೂ ಫಲಕದಲ್ಲಿ ಬರೆಸಿದರು.