ರಾಟೆ ಮತ್ತೆ ಬಾವಿಗೆ ಬಂತು

2019ರ ಆಗಸ್ಟ್, ಆಶ್ಲೇಷಾ ಮಳೆ. ತೀರ್ಥಹಳ್ಳಿ ಸೀಮೆಯಲ್ಲಿ ತುಂಗೆ ದಡ ಮೀರಿದ್ದಳು. ನಮ್ಮ ಮನೆಯ ಸುತ್ತ ಹಗಲೂ ರಾತ್ರಿಯೂ ನೀರಿನದೇ ಸದ್ದು. ಒಳಗೆ ಮಾತ್ರ ಕುಡಿಯಲು ಒಂದು ಕೊಡ ನೀರಿರಲಿಲ್ಲ.

ಕಾಡಿನ ನಡುವೆ ಎಲ್ಲೋ ಮರ ಬಿದ್ದು ಲೈನ್ ಹರಿದಿತ್ತು. ಕರೆಂಟ್ ಹೋಗಿ ಮೂರು ದಿನವಾಗಿತ್ತು, ಮೋಟಾರ್ ಓಡದೆ ಟ್ಯಾಂಕ್ ಬರಿದಾಗಿತ್ತು. ಬಾವಿಯಲ್ಲಿ ನೀರಿಗೇನು ಕೊರತೆ? ಆದರೆ ಮೋಟಾರ್ ಕೂರಿಸಿದ ವರ್ಷವೇ ರಾಟೆ ಇಳಿಸಿ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೋಲ್ಟ್ ಬಿಗಿಸಿಬಿಟ್ಟಿದ್ದೆ. ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು ಅರ್ಧ ದಿನ ಬೇಕಾಯಿತು. ನೈಲಾನ್ ಹಗ್ಗದಲ್ಲಿ ಬಕೆಟ್ ಇಳಿಸಿ ಬರಿಗೈಯಲ್ಲಿ ಎಳೆದೆ. ಸಂಜೆಗೆ ಅಂಗೈ ಸುಲಿದಿತ್ತು. ಅಮ್ಮ ಕೊಬ್ಬರಿ ಎಣ್ಣೆ ಸವರುತ್ತಾ, “ರಾಟೆ ಅಟ್ಟದ ಮೇಲೇ ಇರಬೇಕಲ್ಲೋ” ಎಂದರು. ಇತ್ತು. ಉರುಳುತ್ತಿರಲಿಲ್ಲ.

ಕರೆಂಟ್ ಹೋದರೆ ಕತ್ತಲೆ ಎಂದಷ್ಟೇ ಅಂದುಕೊಂಡಿದ್ದವನು ನಾನು. ಕತ್ತಲೆಯನ್ನು ಒಂದು ಚಿಮಣಿ ದೀಪದಲ್ಲಿ ಕಳೆಯಬಹುದು. ನೀರಿಲ್ಲದ ಮನೆಯಲ್ಲಿ ಒಂದು ದಿನ ಕಳೆಯುವುದೂ ಕಷ್ಟ. ಅಂದಿನಿಂದ ನನ್ನ ಮಳೆಗಾಲದ ತಯಾರಿ ಬಾವಿಕಟ್ಟೆಯಿಂದಲೇ ಶುರುವಾಗುತ್ತದೆ.

ಮೇ ತಿಂಗಳಲ್ಲಿ ರಾಟೆಯನ್ನು ಇಳಿಸಿ ಸೀಮೆಎಣ್ಣೆಯಲ್ಲಿ ತೊಳೆಯುತ್ತೇನೆ, ಅಚ್ಚಿಗೆ ಗ್ರೀಸ್ ತುಂಬುತ್ತೇನೆ. ಹಗ್ಗ ತೆಂಗಿನ ನಾರಿನದು, ಕೈಗೆ ಹಿತ. ಜಾಲರಿಗೆ ಬೋಲ್ಟ್ ಬದಲು ಕೀಲು, ಚಿಲಕ ಹಾಕಿಸಿದ್ದೇನೆ. ಮಕ್ಕಳಿರುವ ಮನೆ, ಮುಚ್ಚಳವಿಲ್ಲದೆ ಬಿಡುವಂತಿಲ್ಲ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದುಬರುವ ಅಬ್ಬಿ ನೀರನ್ನು ಹಿಂದೆ ಅಡಿಕೆ ತೋಟಕ್ಕೆ ಬಿಡುತ್ತಿದ್ದೆವು. ಈಗ ಅದರ ಒಂದು ಕವಲು ಬಚ್ಚಲಿನ ಹಂಡೆಗೆ ಬರುತ್ತದೆ. ಅದಕ್ಕೆ ಮೋಟಾರ್ ಬೇಡ, ಇಳಿಜಾರು ಸಾಕು. ಪೈಪಿನ ಬಾಯಿಗೆ ಎಲೆ ಕಟ್ಟಿಕೊಳ್ಳುವುದೊಂದೇ ತೊಂದರೆ. ಕುಡಿಯುವ ನೀರನ್ನು ಬಾವಿಯದಾದರೂ ಮಳೆಗಾಲದಲ್ಲಿ ಕುದಿಸಿಯೇ ಕುಡಿಯುತ್ತೇವೆ.

ಇನ್ವರ್ಟರ್ ಇದೆ. ಅದರ ಲೆಕ್ಕ ನನಗೆ ತಡವಾಗಿ ತಿಳಿಯಿತು. ನಮ್ಮ ಬ್ಯಾಟರಿ 12 ವೋಲ್ಟ್, 150 ಆ್ಯಂಪಿಯರ್ ಅವರ್. ಗುಣಿಸಿದರೆ 1800 ವಾಟ್ ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ, ಹಾಗಾಗಿ ಅರ್ಧವನ್ನಷ್ಟೇ ನಮ್ಮದೆಂದು ಎಣಿಸುತ್ತೇನೆ. 9 ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬುಗಳನ್ನು ಸಂಜೆ ನಾಲ್ಕು ತಾಸು ಉರಿಸಿದರೆ 144 ವಾಟ್ ಅವರ್. ಕಾಗದದ ಮೇಲೆ ಆರು ರಾತ್ರಿ ಬರಬೇಕು, ಮೊದಮೊದಲು ಎರಡಕ್ಕೇ ಮುಗಿಯುತ್ತಿತ್ತು. ಕಾರಣ, ಬಲ್ಬು ಉರಿಯದಿದ್ದರೂ ಇನ್ವರ್ಟರ್ ತಾನೇ ಸ್ವಲ್ಪ ಸ್ವಲ್ಪವಾಗಿ ಬ್ಯಾಟರಿಯನ್ನು ಹೀರುತ್ತಿರುತ್ತದೆ. ಈಗ ಕರೆಂಟ್ ಹೋದ ಹಗಲುಗಳಲ್ಲಿ ಅದರ ಸ್ವಿಚ್ ಆರಿಸಿಡುತ್ತೇನೆ. ಫ್ರಿಜ್ಜನ್ನು ಅದಕ್ಕೆ ಜೋಡಿಸಿಯೇ ಇಲ್ಲ. ಅಮ್ಮನ ಇನ್ಸುಲಿನ್ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಂಡೆ: ತೆರೆದ ಶೀಶೆಯನ್ನು ನಮ್ಮ ಮಳೆಗಾಲದ ತಂಪಿನಲ್ಲಿ ಹೊರಗಿಟ್ಟರೂ ನಾಲ್ಕು ವಾರ ಬಳಸಬಹುದು ಎಂದರು. ತೆರೆಯದ ಶೀಶೆಗಳನ್ನು ಮಳೆಗಾಲದಲ್ಲಿ ಹೆಚ್ಚು ಕೂಡಿಡುವುದಿಲ್ಲ.

ಮಾಡಿನ ಕೆಲಸ ರೋಹಿಣಿ ಮಳೆಗೆ ಮೊದಲು ಮುಗಿಯಬೇಕು. ಮಂಗಗಳು ಒಡೆದ ಹಂಚುಗಳನ್ನು ಬದಲಿಸಿ, ಎರಡು ಮಾಡು ಕೂಡುವ ಕಡೆಯ ತಗಡಿನ ದೋಣಿಯಿಂದ ತರಗೆಲೆ ಬಳಿಯುತ್ತೇವೆ. ಮೇಲೆ ಒಂದು ಹಿಡಿ ಎಲೆ ಕಟ್ಟಿದರೆ ಕೆಳಗೆ ಗೋಡೆಯೇ ನೆನೆಯುತ್ತದೆ. ಸೌದೆ ಕೊಟ್ಟಿಗೆಗೆ ಇರಚಲು ಹೊಡೆಯದಂತೆ ಸೋಗೆ ತಟ್ಟಿ ಕಟ್ಟುತ್ತೇವೆ. ಮನೆಗೆ ವಾಲಿದ ಕೊಂಬೆಗಳನ್ನು ಸವರಿಸುತ್ತೇನೆ. ತಂತಿಗೆ ತಾಗುವ ಕೊಂಬೆಗೆ ಮಾತ್ರ ನಾನು ಕತ್ತಿ ಹಚ್ಚುವುದಿಲ್ಲ. ಲೈನ್‌ಮನ್‌ಗೆ ಹೇಳುತ್ತೇನೆ, ಲೈನ್ ಆರಿಸಿದ ಮೇಲೆ ಅವರೇ ಕಡಿಯುತ್ತಾರೆ. ಕೆಳಗೆ ಬಿದ್ದ ತಂತಿಯ ಹತ್ತಿರವೂ ಹೋಗಬಾರದೆಂದು ಮನೆಯ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಹುಡುಗರನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ. ಕರೆಂಟ್ ಇಲ್ಲವೆಂದು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡುವಾಗ ಮರ ಬಿದ್ದ ಜಾಗವನ್ನೂ ಹತ್ತಿರದ ಕಂಬದ ಸಂಖ್ಯೆಯನ್ನೂ ಹೇಳಿದರೆ ಅವರಿಗೆ ಕಾಡಿನಲ್ಲಿ ಹುಡುಕಾಟ ತಪ್ಪುತ್ತದೆ.

ಸಿಡಿಲಿನ ಕಾಟ ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಮಳೆಯಲ್ಲೇ ಹೆಚ್ಚು. ಮೋಡ ಕಟ್ಟಿದಾಗಲೇ ಟಿವಿ, ಮೋಡೆಮ್‌ಗಳ ಪ್ಲಗ್ ಕೀಳುತ್ತೇವೆ. ಸ್ವಿಚ್ ಆರಿಸಿದರೆ ಸಾಲದು. ಮಿಂಚಲು ತೊಡಗಿದ ಮೇಲೆ ಮುಟ್ಟಲು ಹೋಗುವುದಿಲ್ಲ, ಸುಟ್ಟರೆ ಸುಡಲಿ.

ಈ ವರ್ಷ ಮಗಳಿಗೆ ನೀರು ಸೇದುವುದನ್ನು ಕಲಿಸಿದೆ. ಕೊಡ ನೀರಿಗೆ ಮುಟ್ಟಿದಾಗ ಹಗ್ಗವನ್ನು ಒಮ್ಮೆ ಓರೆಯಾಗಿ ಜಗ್ಗಬೇಕು, ಇಲ್ಲವಾದರೆ ಅದು ಮುಳುಗದೆ ತೇಲುತ್ತಲೇ ಇರುತ್ತದೆ. ನಾಲ್ಕನೆಯ ಸಲಕ್ಕೆ ಅವಳ ಕೊಡ ಗುಳುಗುಳು ಎಂದು ಮುಳುಗಿತು. ಬಾವಿಕಟ್ಟೆಯ ಮೇಲೆ ಕುಳಿತಿದ್ದ ಅಮ್ಮ, “ನಿಧಾನ, ಕೈ ಮೇಲೆ ಕೈ” ಎಂದರು.