ಕೀಮೋ ಶುರುವಾಗುವ ಮೊದಲೇ ಕರೆಂಟಿನ ಲೆಕ್ಕ

ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಇರುವ ರೋಗಿಗಳು ರೇಡಿಯೇಷನ್ ವೈದ್ಯನಾದ ನನ್ನ ಹತ್ತಿರ ಬರುವುದು ಸಾಮಾನ್ಯವಾಗಿ ಕೊನೆಗೆ. ಆರು ಕೀಮೋ ಮುಗಿದಿರುತ್ತದೆ, ಗಂಟು ಕರಗಿರುತ್ತದೆ. ‘ಇನ್ನು ಕರೆಂಟ್ (ರೇಡಿಯೇಷನ್) ಕೊಡಿಸಿಕೊಳ್ಳಿ’ ಎಂದು ಯಾರೋ ಚೀಟಿ ಬರೆದಿರುತ್ತಾರೆ. ನಾನು ಮೊದಲು ಕೇಳುವುದು ಕೀಮೋಗೆ ಮುಂಚಿನ ಪೆಟ್ ಸ್ಕ್ಯಾನ್, ಅಂದರೆ ರೋಗ ಚುರುಕಾಗಿರುವ ಜಾಗ ಹೊಳೆದು ಕಾಣುವ ಚಿತ್ರ. ಈಗಿನದರಲ್ಲಿ ಏನೂ ಕಾಣುವುದಿಲ್ಲ. ಗಂಟು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂಬುದು ಹಳೆಯ ಚಿತ್ರದಲ್ಲಷ್ಟೇ ಉಳಿದಿರುತ್ತದೆ. ಕಿರಣ ಬೀಳಬೇಕಾದ ಜಾಗಕ್ಕೆ ನಾನು ಗೆರೆ ಎಳೆಯುವುದು ಅದನ್ನು ನೋಡಿಯೇ. ಬರೀ ರಿಪೋರ್ಟ್ ಹಾಳೆ ಸಾಲದು, ಸಿ.ಡಿ. ಬೇಕು.

ಅದಕ್ಕೇ ನಮ್ಮಲ್ಲಿ ಮೊದಲ ಕೀಮೋಗೆ ಮುಂಚೆಯೇ ಕೀಮೋ ಕೊಡುವ ಮೆಡಿಕಲ್ ಆಂಕಾಲಜಿಯವರೂ ನಾನೂ ಒಟ್ಟಿಗೆ ರೋಗಿಯನ್ನು ನೋಡುತ್ತೇವೆ. ವೇಗವಾಗಿ ಬೆಳೆಯುವ ಲಿಂಫೋಮಾಗಳಲ್ಲಿ ನಮಗೆ ಹೆಚ್ಚು ಸಿಗುವುದು ಡಿಫ್ಯೂಸ್ ಲಾರ್ಜ್ ಬಿ ಸೆಲ್. ಅದಕ್ಕೆ 21 ದಿನಕ್ಕೊಮ್ಮೆ ಆರ್-ಚಾಪ್, ಅಂದರೆ ಚಾಪ್ ಎಂಬ ಕೀಮೋ ಔಷಧಗಳ ಗುಂಪಿನ ಜೊತೆ ರಿಟುಕ್ಸಿಮ್ಯಾಬ್. ಶುರುವಿಗೆ ಮೊದಲು ಹೃದಯದ ಎಕೋ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ರಿಟುಕ್ಸಿಮ್ಯಾಬ್ ಕೊಟ್ಟಾಗ ಅಡಗಿದ್ದ ಆ ವೈರಸ್ ಮತ್ತೆ ಎದ್ದು ಲಿವರ್ ಕೆಡಿಸಬಹುದು.

ಕೀಮೋದಲ್ಲೇ ಗಂಟು ಹೋಗಿದ್ದರೆ ರೇಡಿಯೇಷನ್ ಯಾಕೆ? 1998ರಲ್ಲಿ ಅಮೆರಿಕದ ಅಧ್ಯಯನವೊಂದು, ಆರಂಭದ ಹಂತದಲ್ಲಿ ಎಂಟು ಚಾಪ್‌ಗಿಂತ ಮೂರು ಚಾಪ್ ಮತ್ತು ರೇಡಿಯೇಷನ್ ಮೇಲು ಎಂದಿತ್ತು. ವರ್ಷ ಕಳೆದಂತೆ ಆ ಅಂತರ ಅಳಿಸಿಹೋಯಿತು. 2018ರಲ್ಲಿ ಬಂದ ಫ್ರೆಂಚ್ ಅಧ್ಯಯನದಲ್ಲಿ, 7 ಸೆಂ.ಮೀ.ಗಿಂತ ಚಿಕ್ಕ ಗಂಟಿದ್ದವರಿಗೆ ಆರ್-ಚಾಪ್ ಮೇಲೆ ರೇಡಿಯೇಷನ್ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಕುತ್ತಿಗೆಯಲ್ಲಿ ಸಣ್ಣ ಗಂಟಿದ್ದು, ಕೀಮೋದಲ್ಲಿ ಪೆಟ್ ಸ್ವಚ್ಛವಾದ ಹುಡುಗಿಯನ್ನು ನಾನು ಮಷೀನ್ ಕೆಳಗೆ ಮಲಗಿಸುವುದಿಲ್ಲ. ರೇಡಿಯೇಷನ್ ವೈದ್ಯನೇ ಬೇಡವೆಂದರೆ ಕೆಲವು ಮನೆಯವರಿಗೆ ಅನುಮಾನ ಬರುತ್ತದೆ, ಖರ್ಚಿಗೆ ಹೆದರಿ ಹೇಳುತ್ತಿದ್ದಾನೇನೋ ಎಂದು!

ಆದರೆ ಗಂಟು ದೊಡ್ಡದಿದ್ದರೆ, ಮೂಳೆಯಲ್ಲಿದ್ದರೆ, ಕೀಮೋ ನಂತರವೂ ಪೆಟ್‌ನಲ್ಲಿ ಒಂದು ಕಡೆ ಮಿನುಗು ಉಳಿದಿದ್ದರೆ ಮಾತು ಬೇರೆ. ವೃಷಣದ ಲಿಂಫೋಮಾದಲ್ಲಂತೂ ನನಗೆ ಅನುಮಾನವೇ ಇಲ್ಲ. ಹೈಡ್ರೊಸಿಲ್ (ವೃಷಣದ ಸುತ್ತ ನೀರು ತುಂಬುವುದು) ಇರಬೇಕೆಂದು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇದ್ದ ಹಿರಿಯ ರೈತರೊಬ್ಬರಿಗೆ ಒಂದು ವೃಷಣ ತೆಗೆದ ಮೇಲೆ ರೋಗ ಗೊತ್ತಾಯಿತು. ಆರ್-ಚಾಪ್ ಆಯಿತು, ಬೆನ್ನುಹುರಿಯ ನೀರಿಗೆ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧ ಆಯಿತು. ಉಳಿದ ವೃಷಣಕ್ಕೆ ರೇಡಿಯೇಷನ್ ಕೊಡಬೇಕು ಎಂದೆ. ‘ಕೆಟ್ಟದ್ದನ್ನ ತೆಗೆದಾಗಿದೆಯಲ್ಲ ಸಾರ್, ಚೆನ್ನಾಗಿರೋದಕ್ಕೆ ಯಾಕೆ ಕರೆಂಟು?’ ಎಂದರು. ‘ಯಜಮಾನ್ರೇ, ರಕ್ತದಲ್ಲಿರೋ ಔಷಧ ಅದರೊಳಗೆ ಸರಿಯಾಗಿ ಇಳಿಯೋದಿಲ್ಲ. ಅಲ್ಲಿ ಬಾಗಿಲಿಗೆ ಕಾವಲಿದೆ. ರೋಗ ಎಷ್ಟೋ ವರ್ಷ ಬಿಟ್ಟು ಅಲ್ಲಿಂದಲೇ ಏಳಬಹುದು’ ಎಂದೆ. ಇಂಥವರಿಗೆ ನಾವು ಕೊಡುವುದು 25ರಿಂದ 30 ಗ್ರೇ (ಗ್ರೇ ಎಂದರೆ ಕಿರಣದ ಪ್ರಮಾಣದ ಅಳತೆ). ಹಾರ್ಮೋನ್ ಕುಗ್ಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಕಿರಿಯರಾದರೆ ಮೊದಲ ಕೀಮೋಗೆ ಮುಂಚೆಯೇ ವೀರ್ಯ ಸಂಗ್ರಹಿಸಿಡುವ ಮಾತೆತ್ತಬೇಕು.

ಉಳಿದ ಕಡೆ, ಪೆಟ್ ಸ್ವಚ್ಛವಾಗಿದ್ದರೆ 30ರಿಂದ 36 ಗ್ರೇ. ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ. ಮೂರು ವಾರದಲ್ಲಿ 30 ಮುಗಿಯುತ್ತದೆ. ಕೊನೆಯ ಕೀಮೋ ಆಗಿ ಮೂರ್ನಾಲ್ಕು ವಾರ ಕಳೆದು, ರಕ್ತದ ಎಣಿಕೆ ಮೇಲೆ ಬಂದ ಮೇಲೆ ಶುರು. ಎದೆಯ ನಡುವಿನ ಗಂಟಾದರೆ ನನಗೆ ಹೃದಯದ್ದೇ ಚಿಂತೆ. ಚಾಪ್‌ನ ಆ ಕೆಂಪು ಇಂಜೆಕ್ಷನ್, ಡಾಕ್ಸೊರುಬಿಸಿನ್, ಮೊದಲೇ ಅದಕ್ಕೆ ಪೆಟ್ಟು ಕೊಟ್ಟಿರಬಹುದು. ಆಳವಾಗಿ ಉಸಿರೆಳೆದು ಹಿಡಿದುಕೊಳ್ಳಲು ಅಭ್ಯಾಸ ಮಾಡಿಸಿದರೆ ಶ್ವಾಸಕೋಶ ಹಿಗ್ಗಿ ಹೃದಯ ಕೆಳಕ್ಕೆ ಸರಿಯುತ್ತದೆ. ಪ್ರಾಣಾಯಾಮ ಗೊತ್ತಿದ್ದವರು ಇದನ್ನು ಬೇಗ ಕಲಿಯುತ್ತಾರೆ.

ಮುಗಿದ ಮರುವಾರವೇ ಪೆಟ್ ಮಾಡಿಸಲು ಮನೆಯವರು ಅವಸರ ಪಡುತ್ತಾರೆ. ನಾನು ಮೂರು ತಿಂಗಳು ಕಾಯಿಸುತ್ತೇನೆ. ಕಿರಣದ ಉರಿಯೂತವೂ ಪೆಟ್‌ನಲ್ಲಿ ರೋಗದಂತೆಯೇ ಹೊಳೆಯುತ್ತದೆ. ಅದನ್ನು ಕಂಡು ಗಾಬರಿಯಾಗಿ ಮತ್ತೆ ಬಯಾಪ್ಸಿ ಸೂಜಿ ಚುಚ್ಚಿಸಿಕೊಳ್ಳುವುದು ಬೇಡ.