ಎನ್‌ಕ್ಲೆಕ್ಸ್‌ಗೆ ಓದುವುದು ಹೇಗೆ: ಡ್ಯೂಟಿ ಮಾಡುತ್ತಲೇ ತಯಾರಾಗುವ ನರ್ಸ್‌ಗಳಿಗೆ

ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಬೇಕು ಅಂದ್ರೆ ಎನ್‌ಕ್ಲೆಕ್ಸ್-ಆರ್‌ಎನ್ ಎಂಬ ಲೈಸೆನ್ಸ್ ಪರೀಕ್ಷೆ ಪಾಸಾಗಲೇಬೇಕು (ಆರ್‌ಎನ್ ಅಂದ್ರೆ ರಿಜಿಸ್ಟರ್ಡ್ ನರ್ಸ್). ಬೆಂಗಳೂರಿನಲ್ಲೇ ಬರೆಯಬಹುದು, ಅದಕ್ಕಾಗಿ ವಿಮಾನ ಹತ್ತಬೇಕಿಲ್ಲ. ಆದರೆ ವಾರ್ಡ್‌ನಲ್ಲಿ ವರ್ಷಗಟ್ಟಲೆ ಪಳಗಿದ, ಕ್ಯಾನುಲಾ ಹಾಕುವುದರಲ್ಲಿ ಎತ್ತಿದ ಕೈ ಅನಿಸಿಕೊಂಡ ಸಿಸ್ಟರ್‌ಗಳೂ ಇದರಲ್ಲಿ ಎಡವುತ್ತಾರೆ. ಅವರಿಗೆ ಗೊತ್ತಿಲ್ಲ ಅಂತಲ್ಲ. ನಾವು ಕಾಲೇಜಿನಲ್ಲಿ ಓದಿ ಬಂದ ರೀತಿಯೇ ಬೇರೆ. ಡೆಫಿನಿಷನ್, ಕಾರಣಗಳು, ಲಕ್ಷಣಗಳು, ನರ್ಸಿಂಗ್ ಮ್ಯಾನೇಜ್‌ಮೆಂಟ್ ಅಂತ ಸಾಲಾಗಿ ಬರೆದರೆ ಅಲ್ಲಿ ಅಂಕ ಬರುತ್ತಿತ್ತು. ಎನ್‌ಕ್ಲೆಕ್ಸ್ ಕೇಳುವುದು ಒಂದೇ: ಈಗ, ಈ ರೋಗಿಗೆ, ಮೊದಲು ಏನು ಮಾಡುತ್ತೀರಿ? ಹಾಗಾಗಿ ಓದುವುದನ್ನೂ ಅದಕ್ಕೆ ತಕ್ಕ ಹಾಗೆ ಬದಲಾಯಿಸಬೇಕು.

ಮೊದಲು ಪರೀಕ್ಷೆಯ ಸ್ವರೂಪ ತಿಳಿದುಕೊಳ್ಳಿ. ಸಮಯ 5 ಗಂಟೆ. ಕಡಿಮೆ ಅಂದ್ರೆ 85 ಪ್ರಶ್ನೆ, ಜಾಸ್ತಿ ಅಂದ್ರೆ 150. ಅದರಲ್ಲಿ 15 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಅವು ಮುಂದಿನ ಪರೀಕ್ಷೆಗಳಿಗಾಗಿ ಪ್ರಯೋಗಕ್ಕೆ ಹಾಕಿದವು, ಆದರೆ ಯಾವುವು ಅಂತ ನಿಮಗೆ ತಿಳಿಯುವುದಿಲ್ಲ. ಸರಿ ಉತ್ತರ ಕೊಟ್ಟಷ್ಟೂ ಕಂಪ್ಯೂಟರ್ ಕಷ್ಟದ ಪ್ರಶ್ನೆ ಕೊಡುತ್ತದೆ, ತಪ್ಪಿದರೆ ಸ್ವಲ್ಪ ಸುಲಭದ್ದು. ನೀವು ಪಾಸ್ ಗೆರೆಯ ಮೇಲಿದ್ದೀರೋ ಕೆಳಗಿದ್ದೀರೋ ಅಂತ ಅದಕ್ಕೆ 95% ಖಾತ್ರಿಯಾದ ತಕ್ಷಣ ಪರೀಕ್ಷೆ ನಿಲ್ಲುತ್ತದೆ. ಅಂದ್ರೆ 85ಕ್ಕೆ ನಿಂತರೆ ಪಾಸ್ ಅಂತಲೂ ಅಲ್ಲ, 150ರವರೆಗೆ ಹೋದರೆ ಫೇಲ್ ಅಂತಲೂ ಅಲ್ಲ. ಪ್ರಶ್ನೆಗಳು ಕಷ್ಟ ಅನಿಸುತ್ತಿದ್ದರೆ ಗಾಬರಿ ಬೇಡ. ಒಮ್ಮೆ ಉತ್ತರ ಕೊಟ್ಟು ಮುಂದೆ ಹೋದರೆ ಹಿಂದಕ್ಕೆ ಬರುವಂತಿಲ್ಲ, ಉತ್ತರಿಸದೆ ಮುಂದೆ ಹೋಗುವಂತೆಯೂ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಇದೇ ನಿಯಮ ಇಟ್ಟುಕೊಳ್ಳಿ.

2023ರ ಏಪ್ರಿಲ್‌ನಿಂದ ಕೇಸ್ ಸ್ಟಡಿಗಳೂ ಬಂದಿವೆ. ಒಬ್ಬ ರೋಗಿಯ ನರ್ಸ್ ನೋಟ್ಸ್, ವೈಟಲ್ಸ್, ಲ್ಯಾಬ್ ರಿಪೋರ್ಟ್ ಎಲ್ಲ ಕೊಟ್ಟು ಅದರ ಮೇಲೆ 6 ಪ್ರಶ್ನೆ ಕೇಳುತ್ತಾರೆ. ಇಂಥ 3 ಕೇಸ್ ಎಲ್ಲರಿಗೂ ಬರುತ್ತವೆ. ಹಳೆಯ ಪುಸ್ತಕ ಯಾರಾದರೂ ಕೊಟ್ಟರೆ ಮೊದಲು ಅದರ ವರ್ಷ ನೋಡಿ.

ಪರೀಕ್ಷೆ ನಡೆಸುವವರ ವೆಬ್‌ಸೈಟ್‌ನಲ್ಲಿ ಟೆಸ್ಟ್ ಪ್ಲ್ಯಾನ್ ಉಚಿತವಾಗಿ ಸಿಗುತ್ತದೆ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಅದನ್ನು ಓದಿ. 2023ರ ಪ್ಲ್ಯಾನ್ ಪ್ರಕಾರ ಮ್ಯಾನೇಜ್‌ಮೆಂಟ್ ಆಫ್ ಕೇರ್‌ಗೆ (ಮೊದಲು ಯಾರನ್ನು ನೋಡುವುದು, ಯಾವ ಕೆಲಸ ಯಾರಿಗೆ ಹಂಚುವುದು ಇಂಥವು) 15ರಿಂದ 21%, ಔಷಧಿಗಳ ಭಾಗಕ್ಕೆ 13ರಿಂದ 19%. ಇವೆರಡೇ ಸೇರಿ ಪರೀಕ್ಷೆಯ ಮೂರನೇ ಒಂದು ಭಾಗದ ಹತ್ತಿರ ಬರುತ್ತದೆ. ನಮ್ಮಲ್ಲಿ ತುಂಬ ಜನ ಕಾರ್ಡಿಯಾಕ್, ರೀನಲ್ ಅಂತ ರೋಗಗಳನ್ನೇ ತಿಂಗಳುಗಟ್ಟಲೆ ಓದಿ, ಈ ಮ್ಯಾನೇಜ್‌ಮೆಂಟ್ ಭಾಗವನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ. ಅದನ್ನು ಮೊದಲ ವಾರಕ್ಕೇ ತನ್ನಿ.

ನಮಗೆ ನಿಜವಾಗಿ ಕಷ್ಟ ಕೊಡುವುದು ಇಲ್ಲೇ. ಒಂದು ಉದಾಹರಣೆ ನೋಡಿ. ಬ್ಲಡ್ ಶುರು ಮಾಡಿ 10 ನಿಮಿಷ ಆಗಿದೆ, ರೋಗಿಗೆ ಚಳಿ ಬರುತ್ತಿದೆ, ಸೊಂಟ ನೋವು ಅಂತಿದ್ದಾರೆ. ಮೊದಲು ಏನು ಮಾಡುತ್ತೀರಿ? ಇಲ್ಲಿ ಅನೇಕರ ಕೈ ತಾನಾಗೇ ‘ಡಾಕ್ಟರ್‌ಗೆ ತಿಳಿಸುವುದು’ ಎಂಬ ಉತ್ತರದ ಮೇಲೆ ಹೋಗುತ್ತದೆ, ಯಾಕಂದ್ರೆ ನಮ್ಮ ಎಷ್ಟೋ ವಾರ್ಡ್‌ಗಳಲ್ಲಿ ಡ್ಯೂಟಿ ಡಾಕ್ಟರನ್ನು ಕೇಳದೆ ಏನೂ ಮಾಡಬಾರದು ಅಂತಲೇ ರೂಢಿಯಾಗಿರುತ್ತದೆ. ಎನ್‌ಕ್ಲೆಕ್ಸ್‌ನಲ್ಲಿ ಉತ್ತರ: ಬ್ಲಡ್ ನಿಲ್ಲಿಸುವುದು. ಆಮೇಲೆ ಹೊಸ ಟ್ಯೂಬಿಂಗ್‌ನಲ್ಲಿ ನಾರ್ಮಲ್ ಸಲೈನ್, ವೈಟಲ್ಸ್, ಡಾಕ್ಟರ್‌ಗೆ ಫೋನ್, ಬ್ಲಡ್ ಬ್ಯಾಂಕ್‌ಗೆ ಬ್ಯಾಗ್. ಫೋನ್ ಮಾಡುವ ಮುಂಚೆ ನರ್ಸ್ ಆಗಿ ನಾನೇ ಮಾಡಬಹುದಾದ್ದು ಏನಾದರೂ ಇದೆಯಾ? ಪ್ರತಿ ಪ್ರಶ್ನೆಗೂ ಇದನ್ನು ಕೇಳಿಕೊಳ್ಳಿ. ಇದೆ ಅಂತಾದರೆ ಸಾಮಾನ್ಯವಾಗಿ ಅದೇ ಉತ್ತರ.

ಇನ್ನೊಂದು ಬಗೆ, ನಾಲ್ಕು ರೋಗಿಗಳಲ್ಲಿ ಮೊದಲು ಯಾರನ್ನು ನೋಡುತ್ತೀರಿ ಅನ್ನುವುದು. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರು, ರಕ್ತದ ಆಕ್ಸಿಜನ್ ಸ್ಯಾಚುರೇಶನ್ 90%. ಆಪರೇಶನ್ ಆಗಿ ಎರಡನೇ ದಿನ, ನೋವು 10ಕ್ಕೆ 7. ಶುಗರ್ ರೋಗಿ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಶುಗರ್) 210. ನಿನ್ನೆ ಥೈರಾಯ್ಡ್ ತೆಗೆಸಿಕೊಂಡವರು, ಬಾಯಿ ಸುತ್ತ ಜುಮ್ ಜುಮ್ ಅಂತಿದೆ ಅಂತಾರೆ. 90% ನೋಡಿದ ಕೂಡಲೇ ಸಿಒಪಿಡಿ ಅಂತ ಒತ್ತಬೇಡಿ, ಆ ರೋಗದಲ್ಲಿ 88ರಿಂದ 92% ನಿರೀಕ್ಷಿತವೇ. ಥೈರಾಯ್ಡ್ ರೋಗಿಯ ಜುಮ್ಮೆನ್ನುವಿಕೆ ಕ್ಯಾಲ್ಸಿಯಂ ಇಳಿದ ಸೂಚನೆ. ಬಿಟ್ಟರೆ ಗಂಟಲಿನ ಸ್ನಾಯು ಬಿಗಿದು ಉಸಿರೇ ಕಟ್ಟಬಹುದು. ಮೊದಲು ನೋಡಬೇಕಾದ್ದು ಅವರನ್ನೇ. ಈ ರೋಗಕ್ಕೆ ಇದು ನಿರೀಕ್ಷಿತವಾ, ಅಲ್ವಾ? ಹೊಸದಾಗಿ ಶುರುವಾದದ್ದಾ, ಹಳೆಯದಾ? ಈ ಎರಡು ಪ್ರಶ್ನೆ ಕೇಳಿಕೊಳ್ಳುವುದು ಅಭ್ಯಾಸವಾದರೆ ಇಂಥವು ತುಂಬ ಸಲೀಸಾಗುತ್ತವೆ.

ಕೆಲಸ ಹಂಚುವ ಪ್ರಶ್ನೆಗಳೂ ನಮಗೆ ಹೊಸವು. ನಮ್ಮಲ್ಲಿ ಸ್ಟಾಫ್ ನರ್ಸೇ ಬಹುತೇಕ ಎಲ್ಲ ಮಾಡುತ್ತಾರೆ, ಊಟ ಮಾಡಿಸುವುದು, ಮೈ ಒರೆಸುವುದು ರೋಗಿಯ ಕಡೆಯವರ ಪಾಲಿಗೆ ಬರುತ್ತದೆ. ಅಲ್ಲಿ ಆರ್‌ಎನ್, ಎಲ್‌ಪಿಎನ್ (ಆರ್‌ಎನ್‌ಗಿಂತ ಒಂದು ಹಂತ ಕೆಳಗಿನ ಲೈಸೆನ್ಸ್ ಇರುವ ನರ್ಸ್), ಸಹಾಯಕರು ಅಂತ ಮೂರು ಹಂತ. ಮೊದಲ ಅಸೆಸ್‌ಮೆಂಟ್, ರೋಗಿಗೆ ತಿಳಿವಳಿಕೆ ಕೊಡುವುದು, ಚಿಕಿತ್ಸೆ ಫಲಿಸಿತಾ ಅಂತ ತೀರ್ಮಾನಿಸುವುದು, ಸ್ಥಿತಿ ಏರುಪೇರಾಗುತ್ತಿರುವ ರೋಗಿ, ಇವನ್ನು ಆರ್‌ಎನ್ ಯಾರಿಗೂ ಬಿಟ್ಟುಕೊಡುವಂತಿಲ್ಲ. ಸ್ಥಿರವಾಗಿರುವ ರೋಗಿಯ ಡ್ರೆಸ್ಸಿಂಗ್, ಮಾತ್ರೆ ಎಲ್‌ಪಿಎನ್‌ಗೆ. ಸ್ನಾನ, ನಡೆಸುವುದು, ಇನ್‌ಟೇಕ್-ಔಟ್‌ಪುಟ್ ಬರೆಯುವುದು, ಸ್ಥಿರ ರೋಗಿಯ ವೈಟಲ್ಸ್ ಸಹಾಯಕರಿಗೆ. ನಮ್ಮ ಆಸ್ಪತ್ರೆಯಲ್ಲಿ ಹೀಗಲ್ವಲ್ಲ ಅಂತ ವಾದಕ್ಕೆ ಇಳಿಯಬೇಡಿ. ಪರೀಕ್ಷೆಗೆ ಅವರ ಆಸ್ಪತ್ರೆಯೇ ಲೆಕ್ಕ.

ಈಗ ದಿನನಿತ್ಯದ ಅಭ್ಯಾಸ. ಪುಸ್ತಕ ಪೂರ್ತಿ ಮುಗಿಸಿ ಆಮೇಲೆ ಪ್ರಶ್ನೆ ಬಿಡಿಸುತ್ತೇನೆ ಅನ್ನುವುದು ಬೇಡ, ಆ ‘ಆಮೇಲೆ’ ಬರುವುದೇ ಇಲ್ಲ. ಮೊದಲ ದಿನದಿಂದಲೇ ಪ್ರಶ್ನೆ ಬಿಡಿಸಿ. ಡ್ಯೂಟಿ ಇರುವ ದಿನ 25 ಸಾಕು, ರಜೆಯ ದಿನ 75. ಬಿಡಿಸಲು ಒಂದು ಗಂಟೆ ಹಿಡಿದರೆ ವಿವರಣೆ ಓದಲು ಎರಡು ಗಂಟೆ ಕೊಡಿ. ಸರಿಯಾದದ್ದು ಯಾಕೆ ಸರಿ ಅಂತ ಮಾತ್ರ ಅಲ್ಲ, ಉಳಿದ ಮೂರೂ ಯಾಕೆ ತಪ್ಪು ಅಂತ ನೋಡಿ. ಊಹೆಯಿಂದ ಸರಿಯಾದದ್ದನ್ನೂ ತಪ್ಪಿನ ಲೆಕ್ಕಕ್ಕೇ ಹಾಕಿ.

ಒಂದು ನೋಟ್‌ಬುಕ್ ಇಟ್ಟು ಪ್ರತಿ ತಪ್ಪಿಗೂ ಕಾರಣ ಬರೆಯಿರಿ: ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ಅವಸರದಲ್ಲಿ ಓದಿದೆ, ಅಥವಾ ಕೊನೆಗೆ ಎರಡು ಉಳಿದಾಗ ತಪ್ಪಿದ್ದನ್ನು ಆರಿಸಿದೆ. ಎರಡು ವಾರ ಬರೆದರೆ ನಿಮ್ಮ ರೋಗ ಯಾವುದು ಅಂತ ನಿಮಗೇ ಕಾಣುತ್ತದೆ. ವಿಷಯ ಗೊತ್ತಿಲ್ಲದವರು ಪುಸ್ತಕಕ್ಕೆ ಹೋಗಬೇಕು. ಎರಡರ ನಡುವೆ ತಪ್ಪುವವರು ಎಷ್ಟು ಪುಸ್ತಕ ಓದಿದರೂ ಪ್ರಯೋಜನ ಇಲ್ಲ, ಅವರು ಬಿಡಿಸಬೇಕಾದ್ದು ‘ಮೊದಲು ಯಾರು, ಮೊದಲು ಏನು’ ಬಗೆಯ ಪ್ರಶ್ನೆಗಳನ್ನು. ಬರೆದದ್ದನ್ನು ಎರಡು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ನೋಡಿ. ಉತ್ತರ ಮುಚ್ಚಿಟ್ಟು ನೆನಪಿಸಿಕೊಳ್ಳಿ, ಸುಮ್ನೆ ಕಣ್ಣಾಡಿಸಿದರೆ ತಲೆಯಲ್ಲಿ ನಿಲ್ಲುವುದಿಲ್ಲ.

‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಬಗೆಯ ಪ್ರಶ್ನೆಗೆ ಎಲ್ಲರೂ ಹೆದರುತ್ತಾರೆ. ಪ್ರತಿ ಆಯ್ಕೆಯನ್ನೂ ಬೇರೆ ಬೇರೆಯಾಗಿ ಹೌದು-ಅಲ್ಲ ಅಂತ ನೋಡಿ. ಈಗ ಭಾಗಶಃ ಅಂಕವೂ ಸಿಗುತ್ತದೆ: ಸರಿ ಆರಿಸಿದ್ದಕ್ಕೆ ಒಂದು ಸೇರುತ್ತದೆ, ತಪ್ಪು ಆರಿಸಿದ್ದಕ್ಕೆ ಒಂದು ಕಳೆಯುತ್ತದೆ, ಆದರೆ ಆ ಪ್ರಶ್ನೆಯಲ್ಲಿ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಖಚಿತವಿಲ್ಲದ್ದನ್ನು ಇರಲಿ ಅಂತ ಒತ್ತಬೇಡಿ.

ಔಷಧಿಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದಕ್ಕಿಂತ ಗುಂಪಾಗಿ ಓದಿ. ಹೆಸರು ‘ಪ್ರಿಲ್’ ಅಂತ ಮುಗಿದರೆ ಅಡ್ಡಪರಿಣಾಮ ಒಣ ಕೆಮ್ಮು, ಪೊಟ್ಯಾಸಿಯಂ ಏರಿಕೆ. ‘ಓಲಾಲ್’ ಅಂತ ಮುಗಿದರೆ ಪಲ್ಸ್ ಮತ್ತು ಬಿಪಿ ನೋಡಬೇಕು. ಹೆಸರುಗಳ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಯಾಕಂದ್ರೆ ನಮ್ಮ ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೊಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್, ಪೆಥಿಡಿನ್ ಅಲ್ಲಿ ಮೆಪೆರಿಡಿನ್. ಲೆಕ್ಕದ ಪ್ರಶ್ನೆಯಲ್ಲಿ ತೂಕ ಪೌಂಡ್‌ನಲ್ಲಿ ಬಂದರೆ 2.2ರಿಂದ ಭಾಗಿಸಿ, 154 ಪೌಂಡ್ ಅಂದ್ರೆ 70 ಕೆಜಿ. ಹೆಪಾರಿನ್ 250 ಎಂಎಲ್‌ನಲ್ಲಿ 25,000 ಯೂನಿಟ್ ಇದೆ, ಗಂಟೆಗೆ 1,200 ಯೂನಿಟ್ ಆರ್ಡರ್ ಅಂದ್ರೆ, ಒಂದು ಎಂಎಲ್‌ಗೆ 100 ಯೂನಿಟ್, ಹಾಗಾಗಿ ಗಂಟೆಗೆ 12 ಎಂಎಲ್. ದಿನಕ್ಕೆ ಎರಡು ಲೆಕ್ಕ ಮಾಡಿದರೂ ಸಾಕು, ಕೈ ಕೂರುತ್ತದೆ.

ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಒಂದು ಮಾತು. ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲೇ ಓದಿ, ಆದರೆ ಕಾರಣವನ್ನು ಕನ್ನಡದಲ್ಲಿ ಜೋರಾಗಿ ಹೇಳಿ. ಜೊತೆಗೆ ಓದುವ ಗೆಳತಿಗೆ ಫೋನ್‌ನಲ್ಲಿ ವಿವರಿಸಿದರೆ ಇನ್ನೂ ಒಳ್ಳೆಯದು. ಎಲ್ಲಿ ತೊದಲುತ್ತೀರೋ ಅಲ್ಲಿ ಅರ್ಥ ಆಗಿಲ್ಲ ಅಂತ ತಿಳಿಯಿರಿ. ಕೇಸ್ ಸ್ಟಡಿ ಓದುವ ವೇಗ ಮಾತ್ರ ಓದಿ ಓದಿಯೇ ಬರಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ನೈಟ್ ಡ್ಯೂಟಿ ಮುಗಿಸಿ ಬಂದು ಓದಲು ಕೂರಬೇಡಿ, ಮಲಗಿ. ಎದ್ದ ಮೇಲಿನ ಒಂದೂವರೆ ಗಂಟೆ ನಿದ್ದೆಗೆಟ್ಟು ಓದುವ ಮೂರು ಗಂಟೆಗೆ ಸಮ. ಕೊನೆಯ ತಿಂಗಳಲ್ಲಿ ಎರಡು ಮೂರು ಸಲವಾದರೂ ಮೊಬೈಲ್ ದೂರ ಇಟ್ಟು, ಪರೀಕ್ಷೆಯ ಹೊತ್ತಿಗೇ, 150 ಪ್ರಶ್ನೆ ಒಂದೇ ಕೂತಲ್ಲಿ ಬಿಡಿಸಿ.

ವಾಟ್ಸಾಪ್, ಟೆಲಿಗ್ರಾಂನಲ್ಲಿ ‘ನಿನ್ನೆ ಬಂದ ಪ್ರಶ್ನೆಗಳು’ ಅಂತ ಮಾರುವವರ ಹತ್ತಿರ ಹೋಗಬೇಡಿ. ಪ್ರಶ್ನೆಗಳನ್ನು ಹೊರಗೆ ಹೇಳುವುದೇ ನಿಯಮ ಉಲ್ಲಂಘನೆ, ಫಲಿತಾಂಶವನ್ನೇ ರದ್ದು ಮಾಡಬಹುದು. ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ವೃತ್ತಿಯನ್ನು ಒಂದು ಪಿಡಿಎಫ್‌ಗೆ ಪಣ ಇಡಬೇಡಿ.

ರಿಜಿಸ್ಟ್ರೇಶನ್ ಮಾಡುವಾಗ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ಸಾಮಾನ್ಯ, ಅದನ್ನು ಮೊದಲೇ ಸರಿ ಮಾಡಿಕೊಳ್ಳಿ. ಪರೀಕ್ಷೆಯ ಮಧ್ಯೆ 2 ಗಂಟೆಯ ನಂತರ ಒಂದು ಬ್ರೇಕ್, ಮೂರೂವರೆ ಗಂಟೆಯ ನಂತರ ಇನ್ನೊಂದು ಬ್ರೇಕ್ ಸಿಗುತ್ತದೆ. ಗಡಿಯಾರ ನಿಲ್ಲುವುದಿಲ್ಲ, ಆದರೂ ಎದ್ದು ಹೋಗಿ ನೀರು ಕುಡಿದು ಬನ್ನಿ. ಪಾಸಾಗದಿದ್ದರೆ ಯಾವ ಭಾಗದಲ್ಲಿ ಗೆರೆಗಿಂತ ಮೇಲೆ, ಹತ್ತಿರ, ಕೆಳಗೆ ಇದ್ದಿರಿ ಅಂತ ರಿಪೋರ್ಟ್ ಕೊಡುತ್ತಾರೆ. ಮತ್ತೆ ಬರೆಯಲು ಕಡಿಮೆ ಅಂದರೂ 45 ದಿನ ಕಾಯಬೇಕು. ಆ ದಿನಗಳಲ್ಲಿ ಮೊದಲಿನಿಂದ ಎಲ್ಲವನ್ನೂ ಓದಲು ಹೋಗದೆ, ‘ಕೆಳಗೆ’ ಅಂತ ಬಂದ ಭಾಗಗಳಿಂದಲೇ ಶುರು ಮಾಡಿ.